ಫ್ಲಾರೆನ್ಸ್ ನೈಟಿಂಗೇಲ್

ರೋಗವನ್ನು ಕಳೆಯಲೆಂದು ಕಟ್ಟಿದ ಆಸ್ಪತ್ರೆಯೇ ರೋಗದ ತವರಾದರೆ ರೋಗಿಯು ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲಿ ತನ್ನ ಬಾಳನ್ನೇ ಸವೆಸಿದ ಮಹಿಳೆ ಫ್ಲಾರೆನ್ಸ್ ನೈಟಿಂಗೇಲ್. ದೀಪ ಹಿಡಿದು ಗಾಯಾಳುಗಳ ನಡುವೆ ನಡೆದ ಕರುಣಾಮಯಿಯೆಂದು ಆಕೆಯನ್ನು ನಾವೆಲ್ಲರೂ ಬಲ್ಲೆವು. ಆಕೆಯ ಹಿರಿಮೆ ಅಷ್ಟಕ್ಕೇ ಮುಗಿಯುವುದಿಲ್ಲ.

1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಶ್ರೀಮಂತ ಇಂಗ್ಲಿಷ್ ದಂಪತಿಗಳಿಗೆ ಆಕೆ ಜನಿಸಿದಳು. ತಂದೆಯೇ ಗುರುವಾಗಿ ಭಾಷೆಗಳನ್ನೂ ಚರಿತ್ರೆಯನ್ನೂ ಕಲಿಸಿದನು. ಗಣಿತದಲ್ಲಿ ಆಕೆಗೆ ವಿಶೇಷ ಒಲವು. ಕುಲೀನ ಮನೆತನದ ಹೆಣ್ಣುಮಗಳು ದಾದಿಯಾಗುವುದು ಆ ಕಾಲಕ್ಕೆ ಅವಮಾನದ ಮಾತು. ಮನೆಯವರ ವಿರೋಧವನ್ನು ವರ್ಷಗಟ್ಟಲೆ ಸಹಿಸಿ, 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ಶುಶ್ರೂಷೆಯ ಶಿಕ್ಷಣ ಪಡೆದಳು.

ಕ್ರಿಮಿಯಾ ಯುದ್ಧ ನಡೆದಿದ್ದಾಗ, 1854ರ ನವೆಂಬರಿನಲ್ಲಿ, 38 ಮಂದಿ ದಾದಿಯರೊಡನೆ ಆಕೆ ತುರ್ಕಿಯ ಸ್ಕುಟರಿಯ ಸೈನಿಕ ಆಸ್ಪತ್ರೆಗೆ ಬಂದಳು. ಕಾಲರಾ ಮಹಾಮಾರಿ ದೇಶದೇಶಗಳನ್ನು ಸುತ್ತುತ್ತಿದ್ದ ಕಾಲವದು. ಕಟ್ಟಡದ ಕೆಳಗೆ ಕಟ್ಟಿಕೊಂಡ ಚರಂಡಿ, ಕುಡಿಯಲು ಮಲಿನವಾದ ನೀರು, ಕಿಕ್ಕಿರಿದ ಹಾಸಿಗೆಗಳು. ಗಾಯಗೊಂಡು ಬಂದವನು ಭೇದಿಯಿಂದ ಸಾಯುತ್ತಿದ್ದನು. ಆ ಯುದ್ಧದಲ್ಲಿ ಆಂಗ್ಲ ಸೈನಿಕರನ್ನು ಶತ್ರುವಿನ ಗುಂಡಿಗಿಂತ ಕಾಲರಾ, ಆಮಶಂಕೆ, ಜ್ವರಗಳೇ ಹೆಚ್ಚಾಗಿ ಕೊಂದವು. ನೈಟಿಂಗೇಲಳು ಶುಭ್ರ ವಸ್ತ್ರ, ಒಳ್ಳೆಯ ಆಹಾರ, ಹಗಲಿರುಳಿನ ಆರೈಕೆ ಎಲ್ಲವನ್ನೂ ಒದಗಿಸಿದಳು. ಆದರೂ ಸಾವು ನಿಲ್ಲಲಿಲ್ಲ. 1855ರ ಫೆಬ್ರವರಿಯಲ್ಲಿ ನೂರು ರೋಗಿಗಳಲ್ಲಿ ಸುಮಾರು 42 ಮಂದಿ ತೀರಿಕೊಂಡರು. ಮಾರ್ಚ್ ತಿಂಗಳಲ್ಲಿ ಇಂಗ್ಲೆಂಡಿನಿಂದ ಬಂದ ನೈರ್ಮಲ್ಯ ಆಯೋಗವು ಚರಂಡಿಗಳನ್ನು ತೊಳೆಯಿಸಿ, ನೀರಿನ ಕಾಲುವೆಯನ್ನು ಚೊಕ್ಕಟ ಮಾಡಿಸಿ, ಗೋಡೆಗಳಿಗೆ ಸುಣ್ಣ ಬಳಿಸಿತು. ಜೂನ್ ವೇಳೆಗೆ ಆ ಸಂಖ್ಯೆ ನೂರಕ್ಕೆ ಸುಮಾರು 2ಕ್ಕೆ ಇಳಿಯಿತು.

1856ರಲ್ಲಿ ತಾಯ್ನಾಡಿಗೆ ಮರಳಿದ ಮೇಲೆ ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರನ ನೆರವಿನಿಂದ ಈ ಲೆಕ್ಕಗಳನ್ನು ಆಕೆ ಪರಿಶೀಲಿಸಿದಳು. ತಾನು ದುಡಿದ ಆಸ್ಪತ್ರೆಯ ಸಾವುಗಳೇ ಅಲ್ಲಿ ಎದ್ದು ಕಾಣುತ್ತಿದ್ದವು. ಆಕೆ ಅವನ್ನು ಮುಚ್ಚಿಡಲಿಲ್ಲ. ಬಣ್ಣದ ಚಿತ್ರಗಳಾಗಿಸಿ ಅಧಿಕಾರಿಗಳ ಮುಂದಿಟ್ಟಳು. 1860ರಲ್ಲಿ ಲಂಡನ್ನಿನಲ್ಲಿ ದಾದಿಯರ ಶಾಲೆ ಆಕೆಯ ಹೆಸರಿನಲ್ಲಿ ತೆರೆಯಿತು. ಎಂದೂ ಭಾರತಕ್ಕೆ ಬಾರದಿದ್ದರೂ ಇಲ್ಲಿಯ ಸೈನ್ಯದ ಆರೋಗ್ಯವನ್ನು ಕುರಿತ 1863ರ ವರದಿಗಾಗಿ ಅಪಾರವಾಗಿ ಶ್ರಮಿಸಿದಳು. 1910ರ ಆಗಸ್ಟ್ 13ರಂದು ತೊಂಬತ್ತನೆಯ ವಯಸ್ಸಿನಲ್ಲಿ ನಿಧನಳಾದಳು.

ಆಕೆಯ ಇನ್ನೂರನೆಯ ಜನ್ಮವರ್ಷವಾದ 2020ರಲ್ಲೇ ಕೋವಿಡ್ ಜಗತ್ತನ್ನು ಆವರಿಸಿದ್ದು ವಿಚಿತ್ರ ಯೋಗ. ಇಂದಿನ ಆಸ್ಪತ್ರೆಗಳಲ್ಲಿ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯ ಇದೆ. ಔಷಧಗಳಿಂದ ಕರುಳಿನ ಹಿತಕರ ಜೀವಾಣುಗಳು ನಾಶವಾದಾಗ ಅಲ್ಲಿ ಬೇರೂರಿ, ತೀವ್ರವಾದ ಭೇದಿಯನ್ನು ತರುತ್ತದೆ. ಕೋವಿಡ್ ಕಾಲದಲ್ಲಿ ಪ್ರತಿಜೀವಕಗಳು ಧಾರಾಳವಾಗಿ ಬಳಕೆಯಾದುದರಿಂದ ಈ ಸೋಂಕು ಏರಬಹುದೆಂಬ ಭಯವಿತ್ತು. ಆದರೆ ಅಮೆರಿಕದ ಆಸ್ಪತ್ರೆಗಳ 2020ರ ಲೆಕ್ಕದಲ್ಲಿ, ಇತರ ಕೆಲವು ಆಸ್ಪತ್ರೆ ಸೋಂಕುಗಳು ಏರಿದರೂ, ಇದು ಇಳಿಯಿತು. ಕೈತೊಳೆತ, ಕೈಗವಸು, ಕೋಣೆಗಳ ಶುಚಿತ್ವ ಇದಕ್ಕೆ ನೆರವಾಗಿರಬಹುದು. ಪರೀಕ್ಷೆಗಳು ಕಡಮೆಯಾದುದೂ ಒಂದು ಕಾರಣವಿರಬಹುದು. ಈ ಜೀವಾಣುವಿನ ಬೀಜಕಗಳು ಆಲ್ಕೊಹಾಲ್ ದ್ರವಕ್ಕೆ ಸಾಯುವುದಿಲ್ಲ. ಸಾಬೂನು ಹಚ್ಚಿ ನೀರಿನಲ್ಲಿ ತೊಳೆದೇ ಕಳೆಯಬೇಕು.

ಊಟಕ್ಕೆ ಮುಂಚೆ ಕೈ ತೊಳೆದೆಯಾ ಎಂದು ಕೇಳುವ ನಮ್ಮ ಹಳ್ಳಿಯ ತಾಯಂದಿರು ನೈಟಿಂಗೇಲಳ ಹೆಸರನ್ನು ಕೇಳಿರಲಾರರು. ಅವರ ಮಕ್ಕಳಾಗಿ ಕಾಲೇಜಿಗೆ ಬಂದಿರುವ ನಾವು ಆ ಕೇಳ್ಮೆಯ ಜೊತೆಗೆ ಆಕೆಯ ಇನ್ನೊಂದು ಪಾಠವನ್ನೂ ಕಲಿಯಬೇಕು. ನೊಂದವರಿಗಾಗಿ ಮರುಗಿದರೆ ಸಾಲದು; ನಮ್ಮ ಸೇವೆಯಿಂದ ಅವರಿಗೆ ಒಳಿತಾಯಿತೇ ಎಂದು ಲೆಕ್ಕವಿಟ್ಟು ನೋಡುವ ಧೈರ್ಯವೂ ಇರಬೇಕು.