ಅಕ್ಕನ ಮಾತ್ರೆ ಡಬ್ಬಿಯ ಹಿಂದಿನ ಹೆಣ್ಣುಮಗಳು

ರಾಜಾಜಿನಗರದ ನಮ್ಮ ಮನೆಯಲ್ಲಿ ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ ಅಲಾರಂ ಹೊಡೆಯುತ್ತದೆ. ಅಮ್ಮ ಕೊಟ್ಟ ಕಿಡ್ನಿಯನ್ನು ಅಕ್ಕನ ದೇಹ ಹೊರಗಿನದೆಂದು ತಿರಸ್ಕರಿಸದಂತೆ ತಡೆಯುವ ಮಾತ್ರೆಗಳ ಹೊತ್ತು ಅದು. ಅವುಗಳಲ್ಲೊಂದು ಅಜಥಯೋಪ್ರಿನ್. ಅದನ್ನು ರೂಪಿಸಿದವರ ಬದುಕು ಓದಿದಾಗ, ಕೆಲಸ ಸಿಗದೆ ಕುಗ್ಗಿದ್ದ ನನಗೂ ಧೈರ್ಯ ಬಂತು.

ಗರ್ಟ್ರೂಡ್ ಎಲಿಯಾನ್ ಹುಟ್ಟಿದ್ದು 1918ರಲ್ಲಿ, ನ್ಯೂಯಾರ್ಕ್‌ನಲ್ಲಿ. ಅಪ್ಪ ದಂತವೈದ್ಯರು, 1929ರ ಷೇರುಪೇಟೆ ಕುಸಿತದಲ್ಲಿ ಕೈಯಲ್ಲಿದ್ದ ಹಣ ಹೋಯಿತು. ಹದಿನೈದನೇ ವಯಸ್ಸಿನಲ್ಲಿ ಪ್ರೀತಿಯ ತಾತ ಕ್ಯಾನ್ಸರ್‌ನಿಂದ ತೀರಿಕೊಂಡರು. ಔಷಧ ಹುಡುಕುವ ಹಟ ಹುಟ್ಟಿದ್ದು ಆಗಲೇ. ಶುಲ್ಕವಿಲ್ಲದ ಹಂಟರ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿ 1937ರಲ್ಲಿ ಪದವಿ ಪಡೆದರೂ, ಹೆಣ್ಣೆಂಬ ಕಾರಣಕ್ಕೆ ಪ್ರಯೋಗಾಲಯದ ಕೆಲಸ ಸಿಗಲಿಲ್ಲ. ಸಂಬಳವಿಲ್ಲದೆ ದುಡಿದರು. ಹಗಲು ಶಾಲೆಯಲ್ಲಿ ಪಾಠ ಹೇಳಿ, ರಾತ್ರಿ ಪ್ರಯೋಗ ಮಾಡಿ 1941ರಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದರು. ಉಪ್ಪಿನಕಾಯಿಯ ಹುಳಿ ಪರೀಕ್ಷಿಸುವ ಕೆಲಸವನ್ನೂ ಮಾಡಿದರು.

1944ರಲ್ಲಿ ಬರೋಸ್ ವೆಲ್ಕಂ ಕಂಪನಿಯಲ್ಲಿ ಜಾರ್ಜ್ ಹಿಚಿಂಗ್ಸ್ ಅವರ ಸಹಾಯಕಿಯಾದ ಮೇಲೆ ದಾರಿ ತೆರೆಯಿತು. ಮೊದಲು ರಕ್ತದ ಕ್ಯಾನ್ಸರ್‌ಗೆ ಔಷಧ, ಅದರ ಮುಂದುವರಿಕೆಯಾಗಿ ಅಜಥಯೋಪ್ರಿನ್. 1954ರ ಮೊದಲ ಯಶಸ್ವಿ ಕಿಡ್ನಿ ಕಸಿ ತದ್ರೂಪಿ ಅವಳಿಗಳ ನಡುವೆ ನಡೆದಿತ್ತು. 1962ರಲ್ಲಿ ಬಾಸ್ಟನ್‌ನ ಜೋಸೆಫ್ ಮರ್ರೆ ಈ ಔಷಧದ ನೆರವಿನಿಂದ, ಸಂಬಂಧಿಯಲ್ಲದ ಮೃತ ವ್ಯಕ್ತಿಯ ಕಿಡ್ನಿ ಜೋಡಿಸಿ ಯಶಸ್ವಿಯಾದರು. ಪಿಎಚ್.ಡಿ.ಯನ್ನು ಅರ್ಧಕ್ಕೇ ಬಿಡಬೇಕಾಗಿ ಬಂದ ಎಲಿಯಾನ್‌ಗೆ 1988ರಲ್ಲಿ ನೊಬೆಲ್ ಬಂತು. 1999ರಲ್ಲಿ ಅವರು ನಿಧನರಾದರು.

ಅವರ ತಂಡದ್ದೇ ಇನ್ನೊಂದು ಔಷಧ ಅಲೋಪ್ಯುರಿನಾಲ್. ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಿ ಕೀಲು ಊದುವವರಿಗೆ ಕೊಡುವಂಥದ್ದು. ಹೋದ ವರ್ಷ ಅಕ್ಕನ ಹೆಬ್ಬೆರಳು ಊದಿಕೊಂಡಾಗ, ದೊಡ್ಡಪ್ಪನ ಮನೆಯಿಂದ ಅದೇ ಮಾತ್ರೆ ತಂದುಕೊಟ್ಟವನು ನಾನು! ಅಕ್ಕ ನುಂಗುವ ಮೊದಲು ವೈದ್ಯರಿಗೆ ಫೋನ್ ಮಾಡಿದಳು. ಬೇಡವೇ ಬೇಡ ಎಂದರು. ಅಜಥಯೋಪ್ರಿನ್ ಅನ್ನು ದೇಹ ಕರಗಿಸುವ ಒಂದು ದಾರಿಯನ್ನು ಅಲೋಪ್ಯುರಿನಾಲ್ ಮುಚ್ಚುತ್ತದೆ. ಆಗ ಔಷಧ ಮಿತಿಮೀರಿ, ಅಸ್ಥಿಮಜ್ಜೆ ಸೊರಗಿ, ಬಿಳಿ ರಕ್ತಕಣಗಳು ಕುಸಿಯುತ್ತವೆ. ಜೀವಕ್ಕೇ ಅಪಾಯ.

ಅಂದಿನಿಂದ ನಮ್ಮ ಮನೆಯ ನಿಯಮಗಳು ಬಿಗಿಯಾಗಿವೆ. ಆರಾಮವಾಗಿದ್ದೇನೆ ಎಂದು ಮಾತ್ರೆ ಬಿಡುವಂತಿಲ್ಲ. ಮರೆತ ಡೋಸಿಗೆ ಎರಡು ನುಂಗುವಂತಿಲ್ಲ. ನೋವಿನ ಮಾತ್ರೆಯಾಗಲಿ, ನಾಟಿ ಔಷಧಿಯಾಗಲಿ ವೈದ್ಯರನ್ನು ಕೇಳದೆ ಬೇಡ. ಜ್ವರ ಬಂದರೆ ಕಾಯುವುದಿಲ್ಲ, ರಕ್ತ ಪರೀಕ್ಷೆ ತಪ್ಪಿಸುವುದಿಲ್ಲ. ಅಕ್ಕ ತೆಗೆದುಕೊಳ್ಳುವ ಟ್ಯಾಕ್ರೊಲಿಮಸ್‌ನ ಪ್ರಮಾಣವನ್ನು ರಕ್ತದಲ್ಲಿ ಏರಿಸುತ್ತದೆಂದು ಅವಳಿಗಿಷ್ಟವಾದ ಚಕ್ಕೋತವೂ ಮನೆಗೆ ಬರುವುದಿಲ್ಲ.

ನಾನಿನ್ನೂ ಅರ್ಜಿ ಹಾಕುತ್ತಲೇ ಇದ್ದೇನೆ. ರಾತ್ರಿ ಎಂಟಕ್ಕೆ ಅಕ್ಕನಿಗೆ ನೀರಿನ ಲೋಟ ಕೊಡುವಾಗ, ಸಂಬಳವಿಲ್ಲದೆ ದುಡಿದ ಆ ಹುಡುಗಿ ನೆನಪಾಗುತ್ತಾಳೆ.