ಭಾರ ಎತ್ತುವ ಯಂತ್ರಕ್ಕೆ ಬಲ ತಂದ ಬಡಗಿ

ಕಾರಿನ ಅಡಿಗೆ ಅಂಗೈಯಗಲದ ಜಾಕ್ ಇಟ್ಟು, ಅದರ ಹಿಡಿಯನ್ನು ಹತ್ತಾರು ಬಾರಿ ಒತ್ತಿದರೆ ಸಾವಿರ ಕಿಲೋ ಭಾರದ ವಾಹನ ಸದ್ದಿಲ್ಲದೆ ಮೇಲೇಳುತ್ತದೆ. ಒಬ್ಬನೇ ಮನುಷ್ಯನಿಗೆ ಇಂಥ ಬಲ ತಂದುಕೊಟ್ಟ ಹೈಡ್ರಾಲಿಕ್ ಯಂತ್ರವನ್ನು ಕಾಗದದಿಂದ ಕಾರ್ಖಾನೆಗೆ ಇಳಿಸಿದವನು ಇಂಗ್ಲೆಂಡಿನ ಜೋಸೆಫ್ ಬ್ರಾಮಾ. ವೃತ್ತಿಯಲ್ಲಿ ಆತ ಬಡಗಿ.

1748ರಲ್ಲಿ ಯಾರ್ಕ್‌ಷೈರಿನ ಸ್ಟೇನ್‌ಬರೋ ಗ್ರಾಮದ ರೈತ ಕುಟುಂಬದಲ್ಲಿ ಜನನ. ಹದಿಹರೆಯದಲ್ಲಿ ಕಾಲಿಗೆ ಬಿದ್ದ ಪೆಟ್ಟು ಅವನನ್ನು ಹೊಲದ ದುಡಿಮೆಗೆ ಅನರ್ಹನನ್ನಾಗಿಸಿತು. ಮರಗೆಲಸ ಕಲಿತು ಲಂಡನ್ ಸೇರಿದ. ಸಿರಿವಂತರ ಮನೆಗಳಿಗೆ ಶೌಚಾಲಯದ ತೊಟ್ಟಿ ಜೋಡಿಸುವಾಗ ಅದರ ದೋಷಗಳನ್ನು ಕಂಡು, ಸುಧಾರಿಸಿದ ಮಾದರಿಗೆ 1778ರಲ್ಲಿ ಪೇಟೆಂಟ್ ಪಡೆದ. 1784ರಲ್ಲಿ ಬೀಗವೊಂದನ್ನು ರಚಿಸಿದ. ಅದನ್ನು ಕೀಲಿಯಿಲ್ಲದೆ ತೆರೆದವರಿಗೆ 200 ಗಿನಿ ಬಹುಮಾನವೆಂದು ಪಿಕಾಡಿಲ್ಲಿಯ ಅಂಗಡಿಯ ಕಿಟಕಿಯಲ್ಲಿ ಸವಾಲು ಹಾಕಲಾಗಿತ್ತು. 1851ರಲ್ಲಿ ಅಮೆರಿಕದ ಹಾಬ್ಸ್ ಎಂಬವನು ದಿನಗಟ್ಟಲೆ ಹೆಣಗಿ ಅದನ್ನು ತೆರೆಯುವವರೆಗೂ ಬಹುಮಾನ ಯಾರಿಗೂ ದಕ್ಕಲಿಲ್ಲ.

ಆದರೆ ಬ್ರಾಮಾನ ನಿಜವಾದ ಸಾಧನೆ 1795ರಲ್ಲಿ ಪೇಟೆಂಟ್ ಪಡೆದ ಹೈಡ್ರಾಲಿಕ್ ಪ್ರೆಸ್. ಇದರ ತತ್ತ್ವ ಆತನದಲ್ಲ. ಮುಚ್ಚಿದ ಪಾತ್ರೆಯ ದ್ರವದ ಮೇಲೆ ಒತ್ತಡ ಹೇರಿದರೆ ಅದು ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆಂದು ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ಅದಾಗಲೇ ತೋರಿಸಿದ್ದ. ಅವನ ಗ್ರಂಥ ಪ್ರಕಟವಾದದ್ದು ಅವನು ತೀರಿಕೊಂಡ ಮರುವರ್ಷ, 1663ರಲ್ಲಿ. ಒಂದು ಚದರ ಸೆಂಟಿಮೀಟರ್ ವಿಸ್ತೀರ್ಣದ ಸಣ್ಣ ಪಿಸ್ಟನ್ನಿನ ಮೇಲೆ 20 ಕಿಲೋ ಭಾರ ಹೇರಿದರೆ, ಅದೇ ದ್ರವದ ಮೇಲೆ ನಿಂತ 50 ಚದರ ಸೆಂಟಿಮೀಟರಿನ ದೊಡ್ಡ ಪಿಸ್ಟನ್ 1,000 ಕಿಲೋ ಹೊರಬಲ್ಲದು. ಲಾಭ ಪುಕ್ಕಟೆಯಲ್ಲ. ದೊಡ್ಡದು ಒಂದು ಸೆಂಟಿಮೀಟರ್ ಏರಬೇಕಾದರೆ ಸಣ್ಣದು 50 ಸೆಂಟಿಮೀಟರ್ ಚಲಿಸಬೇಕು. ಜಾಕ್‌ನ ಹಿಡಿಯನ್ನು ಮತ್ತೆ ಮತ್ತೆ ಒತ್ತುವುದು ಇದಕ್ಕಾಗಿಯೇ. ಒಮ್ಮೆ ಒಳಹೋದ ದ್ರವ ಹಿಂದಿರುಗದಂತೆ ಕವಾಟ ತಡೆಯುತ್ತದೆ.

ಹಾಗಾದರೆ ಪಾಸ್ಕಲ್‌ನ ಯಂತ್ರ ನೂರಮೂವತ್ತು ವರ್ಷ ಕಾದದ್ದೇಕೆ? ಸೋರಿಕೆಯಿಂದ. ಆ ಒತ್ತಡದಲ್ಲಿ ನೀರು ಪಿಸ್ಟನ್ ಮತ್ತು ಸಿಲಿಂಡರಿನ ನಡುವಿನ ಕೂದಲೆಳೆಯ ಸಂದಿನಲ್ಲೂ ಚಿಮ್ಮುತ್ತಿತ್ತು. ಸಂದನ್ನು ಬಿಗಿಯಾಗಿ ತುಂಬಿದರೆ ಪಿಸ್ಟನ್ ಸಿಕ್ಕಿಕೊಂಡು ಕೆಳಗಿಳಿಯುತ್ತಿರಲಿಲ್ಲ. ಪರಿಹಾರವಾಗಿ ಒದಗಿದ್ದು ಬಟ್ಟಲಿನಂತೆ ಮಡಚಿದ ಚರ್ಮದ ಪಟ್ಟಿ. ನೀರಿನ ಒತ್ತಡವೇ ಮಡಿಕೆಯೊಳಗೆ ನುಗ್ಗಿ ಚರ್ಮದ ಅಂಚುಗಳನ್ನು ಎರಡೂ ಬದಿಗೆ ಅದುಮುತ್ತದೆ. ಒತ್ತಡ ಏರಿದಷ್ಟೂ ಬಿಗಿ, ಇಳಿದಾಗ ಸಡಿಲ.

ಈ ಪಟ್ಟಿಯ ಕೀರ್ತಿ ಬ್ರಾಮಾನ ಬಳಿ ದುಡಿಯುತ್ತಿದ್ದ ಹೆನ್ರಿ ಮಾಡ್‌ಸ್ಲೆಗೆ ಸಲ್ಲಬೇಕೆಂದು ಸ್ಯಾಮ್ಯುಯೆಲ್ ಸ್ಮೈಲ್ಸ್ 1863ರ ತನ್ನ ಪುಸ್ತಕದಲ್ಲಿ ಬರೆದ. ಅದಕ್ಕೆ ಆಧಾರ ಮಾಡ್‌ಸ್ಲೆಯ ಸಹಾಯಕನಾಗಿದ್ದ ಜೇಮ್ಸ್ ನ್ಯಾಸ್ಮಿತ್‌ನ ಮಾತು. ಅಂದರೆ ಒಂದು ಪಕ್ಷದ ಸಾಕ್ಷ್ಯ. ಆದರೂ ಅದನ್ನು ತಳ್ಳಿಹಾಕುವಂತಿಲ್ಲ. ಬ್ರಾಮಾನ ಬೀಗಗಳಿಗೆ ಬೇಕಾದ ನಿಖರ ಸಾಧನಗಳನ್ನು ರೂಪಿಸಿದ್ದೂ ಇದೇ ಯುವಕ. ಪತ್ರದಲ್ಲಿ ಹೆಸರಿದ್ದದ್ದು ಮಾತ್ರ ಯಜಮಾನನದು. ವಾರಕ್ಕೆ 30 ಷಿಲಿಂಗ್ ಕೂಲಿ ಪಡೆಯುತ್ತಿದ್ದ ಮಾಡ್‌ಸ್ಲೆ, ಹೆಚ್ಚಳ ಕೇಳಿ ನಿರಾಕರಣೆಗೊಳಗಾಗಿ, 1797ರಲ್ಲಿ ಹೊರನಡೆದ. ಮುಂದೆ ಅವನ ಸ್ವಂತ ಕಾರ್ಖಾನೆ ಬ್ರಿಟನ್ನಿನ ಯಂತ್ರಶಿಲ್ಪಿಗಳ ಪಾಠಶಾಲೆಯೇ ಆಯಿತು. ಬ್ರಾಮಾ ಕಳೆದುಕೊಂಡದ್ದೇನೆಂಬುದು ಅವನಿಗೆ ತಿಳಿದಿತ್ತೋ ಇಲ್ಲವೋ.

ಬ್ಯಾಂಕ್ ನೋಟುಗಳಿಗೆ ಕ್ರಮಸಂಖ್ಯೆ ಒತ್ತುವ ಯಂತ್ರವೂ ಬ್ರಾಮಾನದೇ. ಕೊನೆಯ ದಿನಗಳಲ್ಲಿ ಹ್ಯಾಂಪ್‌ಷೈರಿನ ಹೋಲ್ಟ್ ಅರಣ್ಯದಲ್ಲಿ ಹೈಡ್ರಾಲಿಕ್ ಪ್ರೆಸ್‌ನಿಂದ ಮರಗಳನ್ನು ಬುಡಸಮೇತ ಕೀಳಿಸುತ್ತಿದ್ದಾಗ ಶೀತ ತಗುಲಿತು. ಅದು ಉಲ್ಬಣಿಸಿ 1814ರ ಡಿಸೆಂಬರ್ 9ರಂದು ಮರಣಹೊಂದಿದ.

ಮೂರೂವರೆ ದಶಕಗಳ ಬಳಿಕ ವೇಲ್ಸ್‌ನ ಬ್ರಿಟಾನಿಯಾ ಸೇತುವೆಯ ಭಾರೀ ಕಬ್ಬಿಣದ ಕೊಳವೆಗಳನ್ನು ಕಂಬಗಳ ಮೇಲಕ್ಕೆ ಏರಿಸಿದ್ದು ಹೈಡ್ರಾಲಿಕ್ ಪ್ರೆಸ್‌ಗಳೇ. 1851ರಲ್ಲಿ ನ್ಯೂಯಾರ್ಕಿನ ರಿಚರ್ಡ್ ಡಜನ್ ಕೈಯಲ್ಲಿ ಒಯ್ಯಬಹುದಾದ ಹೈಡ್ರಾಲಿಕ್ ಜಾಕ್‌ಗೆ ಪೇಟೆಂಟ್ ಪಡೆದ. ಇಂದಿನ ಜಾಕ್‌ಗಳಲ್ಲಿ ನೀರಿನ ಬದಲು ಎಣ್ಣೆ, ಚರ್ಮದ ಬದಲು ಕೃತಕ ರಬ್ಬರಿನ ಸೀಲು. ಅದು ಸವೆದರೆ ಎಣ್ಣೆ ಸೋರಿ, ಎತ್ತಿ ನಿಲ್ಲಿಸಿದ ಕಾರು ಮೆಲ್ಲನೆ ಕುಸಿಯುತ್ತದೆ. ಜಾಕ್ ಒಂದನ್ನೇ ನಂಬಿ ಕಾರಿನಡಿ ಮಲಗದೆ, ಬಲವಾದ ಸ್ಟ್ಯಾಂಡ್ ಕೊಟ್ಟೇ ಮೆಕ್ಯಾನಿಕ್‌ಗಳು ಕೆಲಸಕ್ಕಿಳಿಯುವುದು ಆ ಕಾರಣಕ್ಕೆ.