ಕಡಲ ನೀರುನಾಯಿ ಮತ್ತು ಸ್ಟೆಲ್ಲರ್

ಜರ್ಮನಿಯ ವಿಂಡ್ಸ್‌ಹೈಮ್ ಪಟ್ಟಣದಲ್ಲಿ 1709ರಲ್ಲಿ ಜನಿಸಿದ ಗೇಯೋರ್ಗ್ ವಿಲ್‌ಹೆಲ್ಮ್ ಸ್ಟೆಲ್ಲರನು ಮೊದಲು ವ್ಯಾಸಂಗ ಮಾಡಿದ್ದು ದೇವತಾಶಾಸ್ತ್ರವನ್ನು. ಆದರೆ ಅವನ ಮನಸ್ಸು ಒಲಿದದ್ದು ಗಿಡಮೂಲಿಕೆ, ಪ್ರಾಣಿಪಕ್ಷಿಗಳ ಕಡೆಗೆ. 1734ರಲ್ಲಿ ರಷ್ಯಕ್ಕೆ ತೆರಳಿದ ಅವನು ಮುಂದೆ ವಿಟಸ್ ಬೇರಿಂಗನೆಂಬ ನಾವಿಕನ ಶೋಧನಯಾತ್ರೆಯನ್ನು ಸೇರಿದನು. 1741ರಲ್ಲಿ ಕಮ್‌ಚಾಟ್ಕದಿಂದ ಹೊರಟ ಅವರ ಹಡಗು ಅಲಾಸ್ಕದ ತೀರದ ದ್ವೀಪವೊಂದನ್ನು ಮುಟ್ಟಿತು. ಸಸ್ಯಗಳನ್ನು ಸಂಗ್ರಹಿಸಲು ಸ್ಟೆಲ್ಲರನಿಗೆ ದೊರೆತದ್ದು ಸುಮಾರು ಹತ್ತು ಗಂಟೆಗಳ ಕಾಲ ಮಾತ್ರ.

ಮರುಪ್ರಯಾಣದಲ್ಲಿ ಸ್ಕರ್ವಿ ರೋಗವು ನಾವಿಕರನ್ನು ಮುತ್ತಿತು. ನವೆಂಬರಿನಲ್ಲಿ ಹಡಗು ನಿರ್ಜನವಾದ ದ್ವೀಪವೊಂದರ ದಡಕ್ಕೆ ಬಂದು ಬಿದ್ದಿತು. ಡಿಸೆಂಬರಿನಲ್ಲಿ ಬೇರಿಂಗನೂ ಅಲ್ಲಿಯೇ ಅಸುನೀಗಿದನು. ಉಳಿದವರನ್ನು ಬದುಕಿಸಿದ್ದು ಸ್ಟೆಲ್ಲರನು ಹುಡುಕಿ ತಂದ ಸೊಪ್ಪುಗಳು ಮತ್ತು ಕಡಲ ನೀರುನಾಯಿಯ ಮಾಂಸ.

ಈ ಪ್ರಾಣಿ ನಮ್ಮ ತುಂಗಭದ್ರೆಯ ನೀರುನಾಯಿಯ ಬಳಗದ್ದೇ. ಆದರೆ ಬಾಳೆಲ್ಲ ಉತ್ತರದ ತಣ್ಣನೆಯ ಕಡಲಿನಲ್ಲಿ. ತಿಮಿಂಗಿಲಕ್ಕಿರುವಂತೆ ಚಳಿ ತಡೆಯುವ ಕೊಬ್ಬಿನ ಪದರ ಇದಕ್ಕಿಲ್ಲ. ಇರುವುದು ತುಪ್ಪುಳ ಮಾತ್ರ: ಒಂದು ಚದರ ಸೆಂಟಿಮೀಟರಿನಲ್ಲಿ ಲಕ್ಷಕ್ಕೂ ಮಿಗಿಲಾದ ಕೂದಲು! ಮೈಯ ಕಾವನ್ನು ಉಳಿಸಿಕೊಳ್ಳಲು ಅದು ದಿನವೂ ತನ್ನ ತೂಕದ ಕಾಲುಭಾಗದಷ್ಟು ತಿನ್ನಬೇಕು. ಅಂಗಾತ ತೇಲುತ್ತ, ಎದೆಯ ಮೇಲಿಟ್ಟ ಕಲ್ಲಿಗೆ ಚಿಪ್ಪುಗಳನ್ನು ಕುಟ್ಟಿ ಒಡೆಯುತ್ತದೆ. ತಾಯಿಯು ಮರಿಯನ್ನು ಎದೆಯ ಮೇಲೆಯೇ ಮಲಗಿಸಿಕೊಳ್ಳುತ್ತದೆ. ಸ್ಟೆಲ್ಲರನು ಇದನ್ನೆಲ್ಲ ದಿನಗಟ್ಟಲೆ ನೋಡಿ ಬರೆದಿಟ್ಟನು. ಪರೀಕ್ಷಿಸುವ ಸಲುವಾಗಿ ಅವನು ಮರಿಗಳನ್ನು ಕಸಿದದ್ದೂ ಉಂಟು. ಎಂಟು ದಿನಗಳ ನಂತರ ಹೋಗಿ ನೋಡಿದರೆ, ಮರಿ ಕಳೆದುಕೊಂಡ ತಾಯಿ ಅದೇ ಜಾಗದಲ್ಲಿ ಕೃಶವಾಗಿ ಬಿದ್ದಿತ್ತು. ವಿಜ್ಞಾನಿಯ ಈ ಕಾಠಿಣ್ಯವನ್ನು ಒಪ್ಪುವುದು ಕಷ್ಟ. ಅದನ್ನು ಮುಚ್ಚಿಡದೆ ಬರೆದ ಪ್ರಾಮಾಣಿಕತೆ ಮಾತ್ರ ದೊಡ್ಡದು.

ಚೇತರಿಸಿಕೊಂಡ ನಾವಿಕರು ಜೂಜಿಗೆ ಒಡ್ಡಲು ತೊಗಲು ಬೇಕೆಂದು ನೀರುನಾಯಿಗಳನ್ನು ಕೊಲ್ಲತೊಡಗಿದರು. ಸ್ಟೆಲ್ಲರನು ಇದಕ್ಕೆ ಬಹಳ ನೊಂದುಕೊಂಡನು. 1742ರಲ್ಲಿ, ಒಡೆದ ಹಡಗಿನ ಮರದಿಂದಲೇ ದೋಣಿ ಕಟ್ಟಿ ಅವರು ಕಮ್‌ಚಾಟ್ಕಕ್ಕೆ ಮರಳಿದಾಗ ನೂರಾರು ತೊಗಲುಗಳೂ ಜೊತೆಗೆ ಬಂದವು. ಅವುಗಳ ಬೆಲೆಯನ್ನು ಕಂಡ ಬೇಟೆಗಾರರು ಆ ದ್ವೀಪಗಳತ್ತ ಧಾವಿಸಿದರು.

ಸ್ಟೆಲ್ಲರನು ತಾಯ್ನಾಡನ್ನು ಮತ್ತೆ ಕಾಣಲಿಲ್ಲ. 1746ರಲ್ಲಿ, ಸೈಬೀರಿಯದ ತ್ಯುಮೆನ್ ಪಟ್ಟಣದಲ್ಲಿ ಜ್ವರದಿಂದ ತೀರಿಕೊಂಡಾಗ ಅವನಿಗೆ 37 ವರ್ಷ. ಕಡಲಪ್ರಾಣಿಗಳ ಕುರಿತ ಅವನ ಗ್ರಂಥ ಅಚ್ಚಾದುದು 1751ರಲ್ಲಿ.

ಬೇಟೆ ಮಾತ್ರ ನಿಲ್ಲಲಿಲ್ಲ. 1911ರಲ್ಲಿ ನಾಲ್ಕು ರಾಷ್ಟ್ರಗಳು ಒಪ್ಪಂದ ಮಾಡಿಕೊಂಡು ರಕ್ಷಣೆ ನೀಡುವ ವೇಳೆಗೆ ಉಳಿದಿದ್ದ ನೀರುನಾಯಿಗಳು ಸುಮಾರು ಎರಡು ಸಾವಿರ. ಅವು ಇಲ್ಲವಾದ ಕಡೆ ಕಡಲಿನ ತಳವೇ ಬರಿದಾಗಿತ್ತು. ಅವುಗಳ ಆಹಾರವಾದ ಸೀ ಅರ್ಚಿನ್ ಎಂಬ ಮುಳ್ಳುಜೀವಿಗಳು ಮಿತಿಮೀರಿ ಹೆಚ್ಚಿ, ಕೆಲ್ಪ್ ಎಂಬ ದೈತ್ಯ ಕಡಲಪಾಚಿಯ ಕಾಡನ್ನು ಬುಡಸಹಿತ ಮೇಯ್ದು ಮುಗಿಸುತ್ತಿದ್ದವು. ಕಾಡಿನೊಡನೆ ಅಲ್ಲಿ ಆಶ್ರಯ ಪಡೆದ ಮೀನುಗಳೂ ಹೋದವು. ನೀರುನಾಯಿಗಳು ಮರಳಿದೆಡೆ ಕಾಡು ಮತ್ತೆ ಬೆಳೆದುದನ್ನು 1970ರ ದಶಕದಲ್ಲಿ ವಿಜ್ಞಾನಿಗಳು ಅಲೂಷಿಯನ್ ದ್ವೀಪಗಳಲ್ಲಿ ಕಂಡರು.

ಸ್ಟೆಲ್ಲರನು ಆ ದ್ವೀಪದಲ್ಲಿ ಕಂಡ ಬೃಹತ್ಕಾಯದ ಕಡಲಹಸುವಿನ ಮೇವೂ ಇದೇ ಪಾಚಿಯಾಗಿತ್ತು. ಅವನು ಕಂಡ 27 ವರ್ಷಗಳಲ್ಲೇ, 1768ರ ಹೊತ್ತಿಗೆ, ಆ ಪ್ರಾಣಿಯ ಸಂತತಿ ಅಳಿಯಿತು. ಬೇಟೆಯ ಜೊತೆಗೆ ಮೇವಿನ ಕೊರತೆಯೂ ಇದಕ್ಕೆ ಕಾರಣವಾಗಿದ್ದಿರಬಹುದೆಂದು ಕೆಲವು ವಿಜ್ಞಾನಿಗಳು ಊಹಿಸುತ್ತಾರೆ.